ನಾನು ಅಳಿಸಿದ ಕಗ್ಗ

ಸುಮಿತ್ರಾ, ಕಗ್ಗದ ಭತ್ತ ಉಪ್ಪುನೀರಿನಲ್ಲಿ ಬೆಳೆಯುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದು ಎಲ್ಲರೆದುರು ಇಲ್ಲವೆಂದೆ. ಇಪ್ಪತ್ತು ವರ್ಷವಾಯಿತು. ಮುಖ ನೋಡಿ ಹೇಳುವ ಧೈರ್ಯ ಈಗಲೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕುಮಟಾದ ಕಂಪ್ಯೂಟರ್ ಕ್ಲಾಸಿನಲ್ಲಿ ನಾವಿಬ್ಬರೂ ಸೇರಿ ಮಾಡಿದ ಆ ಆಟ ನೆನಪಿದೆಯಲ್ಲ — ಪರದೆಯ ಮೇಲಿಂದ ಮರಳು, ನೀರು, ಉಪ್ಪು, ಬೀಜ ಚುಕ್ಕೆ ಚುಕ್ಕೆಯಾಗಿ ಉದುರುವುದು, ಒಂದಕ್ಕೊಂದು ತಗುಲಿದರೆ ನಿಜದಲ್ಲಿ ಆಗುವಂತೆಯೇ ಆಗುವುದು. ನಾನು ಬರೆದ ಬೀಜ ಉಪ್ಪು ತಗುಲಿದೊಡನೆ ಸಾಯುತ್ತಿತ್ತು. ನೀನು ಇನ್ನೊಂದು ಬರೆದೆ, ಉಪ್ಪುನೀರಿನಲ್ಲೂ ಬದುಕುವ ಕಗ್ಗ. ಹಾಗಾದರೆ ಎಲ್ಲರೂ ಇದನ್ನೇ ಬಿತ್ತುತ್ತಾರೆ, ಆಟದಲ್ಲಿ ಉಪ್ಪಿಗೆ ಕೆಲಸವೇ ಇರುವುದಿಲ್ಲ ಎಂದು ನಾನು ತಕರಾರು ತೆಗೆದೆ.

"ಅದ್ಕೇ ನಿಧಾನ ಬೆಳೆಯೋ ಹಂಗೆ ಮಾಡಿದೇನೆ ಮಾರಾಯ. ಕಾಳೂ ಕಡ್ಮೆ. ನಮ್ಮ ಗಜನೀಲಿ ಹಂಗೇ ಅಲ್ದಾ?" ಎಂದೆ ನೀನು. ಹೊಳೆಯ ಉಪ್ಪುನೀರು ನುಗ್ಗುವ ಗಜನಿ ಗದ್ದೆ ನಿಮ್ಮದು. ನಿನ್ನ ಲೆಕ್ಕ ಸರಿಯಿತ್ತು — ನಿಜವೂ ಉಳಿದಿತ್ತು, ಆಟವೂ ಕೆಟ್ಟಿರಲಿಲ್ಲ.

ಸರ್ ನಮ್ಮಿಬ್ಬರಲ್ಲಿ ಒಬ್ಬರನ್ನು ಕಲಿಸುವ ಕೆಲಸಕ್ಕೆ ಇಟ್ಟುಕೊಳ್ಳುವವರಿದ್ದರು. ಅದು ಸಿಗದಿದ್ದರೆ ಮನೆಯವರು ನಿನ್ನ ಕ್ಲಾಸು ಬಿಡಿಸುತ್ತಾರೆಂಬುದೂ ನನಗೆ ಗೊತ್ತಿತ್ತು. ಘಟ್ಟದ ಮೇಲಿನಿಂದ ಬಂದವರು ಸರ್. ನಿನ್ನ ಕಗ್ಗ ಉಪ್ಪುನೀರಿನಲ್ಲಿ ಹಸಿರಾಗುವುದನ್ನು ಕಂಡು ಹುಬ್ಬೇರಿಸಿ ನನ್ನತ್ತ ತಿರುಗಿದರು. "ನೀನು ಇಲ್ಲಿಯವನಲ್ವಾ? ಇದು ನಿಜವೇನಪ್ಪಾ?"

ನಾನು — ಪೇಟೆಯ ಹುಡುಗನೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದವನು. ನನ್ನ ಅಮ್ಮ ವರ್ಷವರ್ಷವೂ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಮೊಳಕೆ ಬರಿಸಿದ ಕಗ್ಗ ಬಿತ್ತುತ್ತಿದ್ದಳು. ಅಂದು ಬೆಳಿಗ್ಗೆ ಉಂಡ ಗಂಜಿಯೂ ಅದರದೇ. ಹೌದೆಂದರೆ ಹೇಗೆ ಗೊತ್ತೆಂದು ಕೇಳುತ್ತಾರೆ, ನನ್ನ ಕೆಸರು ಎಲ್ಲರಿಗೂ ಕಾಣುತ್ತದೆ, ಕೆಲಸವೂ —

"ಇಲ್ಲ ಸರ್. ಉಪ್ಪುನೀರಲ್ಲಿ ಭತ್ತ ಎಂತ ಬೆಳೀತದೆ?"

ಕ್ಲಾಸಿಗೆ ಕ್ಲಾಸೇ ನಕ್ಕಿತು. ನೀನು ವಾದಿಸಲಿಲ್ಲ. ಸರ್ ಹೇಳಿದಂತೆ ಕಗ್ಗವನ್ನು ನನ್ನ ಕೈಯಾರೆ ಅಳಿಸಿದೆ. ಕೆಲಸ ನನಗೆ ಸಿಕ್ಕಿತು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನೀನು ಹತ್ತಿರ ಬಂದೆ. ಬೈಯುತ್ತೀಯೆಂದು ತಲೆ ತಗ್ಗಿಸಿದೆ.

"ಆತು ಬಿಡು," ಎಂದೆ ನೀನು. "ನಿಮ್ಮಮ್ಮಂದು ಬಿತ್ತಿ ಮುಗೀತಾ?"

ನಿನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೆದುರು ಹೇಳಲಿಲ್ಲ. ಆ ಬಸ್ಸು ಹತ್ತಿ ಹೋದವಳು ಮತ್ತೆ ಕ್ಲಾಸಿಗೆ ಬರಲೇ ಇಲ್ಲ.

ಇಂದಿಗೂ ನಾನು ಕಲಿಸುತ್ತಲೇ ಇದ್ದೇನೆ, ಸುಮಿತ್ರಾ. ನಾಳೆ ಹೊಸ ಮಕ್ಕಳೆದುರು ಆ ಆಟ ತೆರೆದು, ಕಗ್ಗವನ್ನು ಮತ್ತೆ ಬರೆಯುತ್ತೇನೆ. ಮೊದಲು ನನ್ನ ಊರು ಯಾವುದೆಂದು ಹೇಳುತ್ತೇನೆ. ಆಮೇಲೆ ನಿನ್ನ ಹೆಸರು.