ಕಾರ್ಬುರೇಟರ್ ಬಿಚ್ಚಿದ ಶುಕ್ರವಾರ

ತೊಂಬತ್ತರ ದಶಕದ ನಡುವಿನ ಕೆಲವು ವರ್ಷ ನಾನು ಕತಾರಿನ ಅಲ್ ವಕ್ರಾದಲ್ಲಿ, ಹಳೆಯ ಮನೆಯೊಂದರ ಹಿಂಬದಿಯ ಕೋಣೆಯಲ್ಲಿದ್ದೆ. ಕಟ್ಟಡ ಕಂಪನಿಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ. ಹೆಂಡತಿ, ಮಗಳು ಗದಗಿನಲ್ಲಿ. ಮೂರು ವರ್ಷ ಕೋಣೆ ಹಂಚಿಕೊಂಡಿದ್ದ ಮಂಗಳೂರಿನ ಬ್ಯಾರಿ ಗೆಳೆಯ ಒಂದು ವರ್ಷ ಬೇಸಿಗೆಗೆ ಮುಂಚೆ ಕೆಲಸ ಬಿಟ್ಟು ಊರಿಗೆ ಹೋಗಿಬಿಟ್ಟ. ಹೋಗುವಾಗ ತನ್ನ ಹಳೆಯ ಪಿಕಪ್ಪಿನ ಕೀಲಿಯನ್ನು ನನ್ನ ಕೈಗಿಟ್ಟು, ವಾರಕ್ಕೊಮ್ಮೆಯಾದರೂ ಓಡಿಸು, ನಿಲ್ಲಿಸಿಟ್ಟರೆ ಕೆಡುತ್ತದೆ ಎಂದಿದ್ದ.

ಹಾಗಾಗಿ ವಾರದ ರಜೆಯ ದಿನ, ಶುಕ್ರವಾರ ಶುಕ್ರವಾರ ಓಡಿಸುತ್ತಿದ್ದೆ. ಹೋಗಲೇಬೇಕಾದ ಜಾಗವೇನೂ ಇರಲಿಲ್ಲ. ದೋಹಾದವರೆಗೆ ಹೋಗಿ, ಅಲ್ಲಿಯ ಹಳೆಯ ಪೇಟೆ ಸೂಕ್ ವಾಕಿಫ್‌ನಲ್ಲಿ ಒಂದು ಸುತ್ತು ಹಾಕಿ, ಚಹಾ ಕುಡಿದು, ವಾಪಸ್ ಬಂದು ಮಲಗುತ್ತಿದ್ದೆ.

ಅದೇ ವರ್ಷ ಅಕ್ಟೋಬರಿನ ಒಂದು ಶುಕ್ರವಾರ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ ಒಳಗೆಲ್ಲ ಪೆಟ್ರೋಲ್ ವಾಸನೆ. ಬಾನೆಟ್ ಎತ್ತಿದೆ. ಕಾರ್ಬುರೇಟರಿನ ಮೈಯಿಂದ ಪೆಟ್ರೋಲ್ ತೊಟ್ಟಿಕ್ಕಿ, ಕೆಳಗೆ ಬಿಸಿಯಾದ ಕಬ್ಬಿಣದ ಮೇಲೆ ಬಿದ್ದು ಆವಿಯಾಗುತ್ತಿತ್ತು. ತಕ್ಷಣ ಎಂಜಿನ್ ಆರಿಸಿದೆ. ಗ್ಯಾರೇಜುಗಳಿಗೆ ರಜೆ. ಪೈಪಿನ ಕ್ಲಿಪ್ ಬಿಗಿ ಮಾಡಿ ನೋಡಿದೆ, ಸೋರಿಕೆ ನಿಲ್ಲಲಿಲ್ಲ. ಪೈಪನ್ನೇ ಬದಲಿಸಿದೆ, ಆಗಲೂ ನಿಲ್ಲಲಿಲ್ಲ.

"ಏನಾಗೇತಿ ನಿನಗ? ಬಾಯಿ ಬಿಟ್ಟರ ಹೇಳು," ಎಂದು ಗಾಡಿಯನ್ನೇ ಗಟ್ಟಿಯಾಗಿ ಕೇಳಿಬಿಟ್ಟೆ. ಹಿಂದಿನ ದಿನ ಮಧ್ಯಾಹ್ನ ಕೆಲಸ ಬಿಟ್ಟ ಮೇಲೆ ನಾನು ಆಡಿದ ಮೊದಲ ಮಾತು ಅದು. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಗೋಡೆಯಾಚೆಯಿಂದ ಯಾರೋ ಅರಬ್ಬಿಯಲ್ಲಿ ಉತ್ತರ ಕೊಟ್ಟರು. ಪಕ್ಕದ ಮನೆಯ ಮುದುಕ. ಹಿಂದೆ ಮೀನುಗಾರಿಕೆಯ ದೋಣಿ ಇಟ್ಟುಕೊಂಡಿದ್ದವನಂತೆ. ಮೂರು ವರ್ಷದಲ್ಲಿ ಸಲಾಂ ಬಿಟ್ಟರೆ ನಮ್ಮ ನಡುವೆ ಮಾತೇ ನಡೆದಿರಲಿಲ್ಲ. ವಾಸನೆ ಹಿಡಿದುಕೊಂಡೇ ಗೇಟು ದಾಟಿ ಬಂದ ಅವನು ಮೊದಲು ನನ್ನ ಅಡುಗೆ ಕಿಟಕಿಯ ಕೆಳಗಿದ್ದ ಗ್ಯಾಸ್ ಸಿಲಿಂಡರ್ ತೋರಿಸಿದ. ನನಗೆ ಅದು ಹೊಳೆದೇ ಇರಲಿಲ್ಲ. ಅವನೂ ಭುಜ ಕೊಟ್ಟ. ಇಬ್ಬರೂ ಸೇರಿ ಗಾಡಿಯನ್ನು ಖಾಲಿ ಮೈದಾನದ ನಡುವಿಗೆ ತಳ್ಳಿದೆವು.

ಎಂಜಿನ್ ತಣಿದ ಮೇಲೆ ಕಾರ್ಬುರೇಟರಿನ ಮುಚ್ಚಳ ಬಿಚ್ಚಿದೆವು. ಒಳಗೆ ಪೆಟ್ರೋಲಿನ ಮೇಲೆ ತೇಲುವ ಹಿತ್ತಾಳೆಯ ಪುಟ್ಟ ಡಬ್ಬಿ, ಅಂದರೆ ಫ್ಲೋಟ್. ಪೆಟ್ರೋಲ್ ತುಂಬುತ್ತಿದ್ದಂತೆ ಅದು ಮೇಲೇಳಬೇಕು, ಎದ್ದು ಪೆಟ್ರೋಲ್ ಒಳಬರುವ ದಾರಿ ಮುಚ್ಚಬೇಕು. ಮುದುಕ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನಕ್ಕು ನನ್ನ ಕಿವಿಗೂ ಹಿಡಿದ. ಡಬ್ಬಿಯೊಳಗೆ ಪೆಟ್ರೋಲ್ ಕುಲುಕುತ್ತಿತ್ತು. ತೇಲುವುದನ್ನು ಬಿಟ್ಟು ಅದು ಮುಳುಗಿ ಕೂತಿತ್ತು.

ಅವನಿಗೆ ಬೊಂಬಾಯಿಯ ಬಂದರಿನಲ್ಲಿ ಕಲಿತ ಒಂದಿಷ್ಟು ಹಿಂದಿ ಬರುತ್ತಿತ್ತು. ಬಿಸಿನೀರು ತರಿಸಿ ಫ್ಲೋಟನ್ನು ಅದರಲ್ಲಿ ಮುಳುಗಿಸಿದ. ಅಂಚಿನ ಬೆಸುಗೆಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಆ ಜಾಗಕ್ಕೆ ಮೊಳೆಯಿಂದ ಗುರುತು ಹಾಕಿ, ತೂತನ್ನು ತುಸು ದೊಡ್ಡದು ಮಾಡಿ, ಒಳಗಿನ ಪೆಟ್ರೋಲ್ ಪೂರ್ತಿ ಬಸಿದು, ಬಿಸಿಲಲ್ಲಿ ಒಣಗಲು ಬಿಟ್ಟೆವು.

ಕಾಯುತ್ತಾ ಕೂತಾಗ ಅವನು ನನ್ನ ಊರು ಮಂಗಳೂರೇ ಎಂದು ಕೇಳಿದ. ಹರೆಯದಲ್ಲಿ ಎರಡು ಸಲ ಹಡಗಿನಲ್ಲಿ ಅಲ್ಲಿಗೆ ಹೋಗಿ ಹೆಂಚು ತುಂಬಿಕೊಂಡು ಬಂದಿದ್ದನಂತೆ. ಅಲ್ಲಿಯ ಬಂದರು, ಮಳೆ, ಕುಚ್ಚಲಕ್ಕಿಯ ಅನ್ನ, ಎಲ್ಲ ನೆನಪಿತ್ತು ಅವನಿಗೆ. ನಾನು ಬಯಲುಸೀಮೆಯವನು. ಮಂಗಳೂರನ್ನು ನೋಡಿದವನೇ ಅಲ್ಲ. ಇದೇ ಕೋಣೆಯಲ್ಲಿದ್ದ ನನ್ನ ಗೆಳೆಯ ಅಲ್ಲಿಯವನು, ಈಗ ಊರಿಗೆ ಹೋದ ಎಂದೆ.

"ಖಲಾಸ್?" ಎಂದು ಕೇಳಿದ. ಮುಗಿಯಿತೇ, ಇನ್ನು ಬರುವುದಿಲ್ಲವೇ ಎಂದು.

"ಖಲಾಸ್," ಎಂದೆ.

ಅವನು ಫ್ಲೋಟನ್ನು ಬಿಸಿಲಿಗೆ ಮಗುಚಿಟ್ಟ. ಒಂದೇ ಗೋಡೆಯ ಆಚೀಚೆ ಮೂರು ವರ್ಷ ಇದ್ದೂ ಅವನೂ ನನ್ನ ಗೆಳೆಯನೂ ಒಂದು ಮಾತೂ ಆಡಿಕೊಂಡಿರಲಿಲ್ಲ.

ಬೆಸುಗೆಯ ಕೆಲಸ ನನಗೆ ಗೊತ್ತಿದ್ದದ್ದೇ. ಸೋಲ್ಡರಿಂಗ್ ಕಡ್ಡಿ ಕಾಯಿಸಿ ಸೀಸ ಹಚ್ಚುವಾಗ ಅವನು ನನ್ನ ಮಣಿಕಟ್ಟು ಹಿಡಿದುಕೊಂಡು, "ಶ್ವೈ ಶ್ವೈ. ಜ್ಯಾದಾ ಮಾಫಿ," ಎಂದ. ನಿಧಾನ, ಹೆಚ್ಚು ಬೇಡ. ಸೀಸದ ಭಾರಕ್ಕೇ ಮುಳುಗೀತು. ಹಿಂದಿನ ರಜೆ ಮುಗಿಸಿ ಮನೆ ಬಿಟ್ಟು ಬಂದು ಎಷ್ಟೋ ತಿಂಗಳಾಗಿತ್ತು. ಇನ್ನೊಬ್ಬರ ಕೈ ನನ್ನ ಕೈಯ ಮೇಲೆ ಅಷ್ಟು ಹೊತ್ತು ಇದ್ದದ್ದು ಅವತ್ತೇ. ಬೆಸುಗೆ ಮುಗಿದ ಮೇಲೂ ನಾನು ಕೈ ಎಳೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಬಾಂಗ್ ಕೇಳಿಸಿತು. ಮುದುಕ ಎದ್ದು ಕೈ ತೊಳೆದು ಮಸೀದಿಗೆ ಹೋದ. ಉಳಿದದ್ದನ್ನು ನಾನೊಬ್ಬನೇ ಜೋಡಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಕಾರ್ಬುರೇಟರಿನ ಕೆಳಗೆ ಬೆರಳಾಡಿಸಿದೆ. ಒಣಗಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಮುಟ್ಟಿ ನೋಡಿದೆ, ಆಗಲೂ ಒಣಗಿತ್ತು. ಹೇಳೋಣವೆಂದರೆ ಮೈದಾನದಲ್ಲಿ ಯಾರೂ ಇರಲಿಲ್ಲ. ಮುದುಕ ಮಸೀದಿಯಿಂದ ಹಾಗೇ ಮಗನ ಮನೆಗೆ ಊಟಕ್ಕೆ ಹೋದನೆಂದು ಕಾಣುತ್ತದೆ, ಸಂಜೆಯಾದರೂ ಬರಲಿಲ್ಲ.

ಮುಂದಿನ ಶುಕ್ರವಾರ ನಾನು ದೋಹಾಕ್ಕೆ ಹೊರಡಲಿಲ್ಲ. ಗಾಡಿಗೇನೂ ಆಗಿರಲಿಲ್ಲ. ಆದರೂ ಅವನು ಮಸೀದಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಬಾನೆಟ್ ಎತ್ತಿ, ಬಟ್ಟೆ ಹಿಡಿದು ಅದೂ ಇದೂ ಒರೆಸುತ್ತಾ ನಿಂತೆ. ಗೇಟಿನಿಂದ ಹೊರಬಂದವನು ನನ್ನನ್ನು ನೋಡಿ ನಿಂತ.

"ಜೈನ್?" ಎಂದು ಕೇಳಿದ. ಸರಿಯಾಗಿದೆಯೇ ಎಂದು.

"ಜೈನ್," ಎಂದೆ.

ಅವನು ಸಂತೋಷದಿಂದ ಕೈ ಎತ್ತಿ ಮುಂದೆ ನಡೆದ. ಕೆಟ್ಟಿದೆ ಎಂದು ಒಂದು ಸುಳ್ಳು ಹೇಳಬಹುದಿತ್ತಲ್ಲ ಎಂದು ಹೊಳೆಯುವಷ್ಟರಲ್ಲಿ ಅವನು ತಿರುವು ದಾಟಿದ್ದ.