ಅತ್ತೆಯ ಮಂಚದಡಿಯ ಅಂಜೂರ

ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕುವ ಇಸ್ತ್ರಿ ಅಕ್ಕ ಹಟ ಹಿಡಿದರೆ ಮುಗಿಯಿತು, ಬ್ರಹ್ಮ ಬಂದು ಹೇಳಿದರೂ ಜಗ್ಗುವವಳಲ್ಲ. ಅವಳ ಅಪ್ಪ ನೆಟ್ಟಿದ್ದ ಅಂಜೂರದ ಮರವನ್ನು ತವರುಮನೆ ಕೊಂಡವರು ಸುಡು ಬೇಸಿಗೆಯಲ್ಲಿ ಬುಡಸಮೇತ ಕಡಿದುಹಾಕಿದರು. ಸುದ್ದಿ ಕೇಳಿ ಓಡಿದವಳಿಗೆ ದಕ್ಕಿದ್ದು ಕಸದ ರಾಶಿಯಲ್ಲಿ ಬಿದ್ದಿದ್ದ ಒಂದಿಷ್ಟು ಕಡ್ಡಿ. ಅಪ್ಪ ತೀರಿಕೊಂಡು ವರ್ಷಗಳೇ ಆಗಿದ್ದವು. ಅವರ ಕೈಯಿಂದ ಬೆಳೆದದ್ದು ಅಂತ ಉಳಿದಿದ್ದು ಅಷ್ಟೇ.

"ನರ್ಸರೀಲಿ ಬೇಕಾದಷ್ಟು ಗಿಡ ಸಿಗುತ್ತೆ ಕಣೇ" ಎಂದ ಗಂಡ.

"ಅಪ್ಪ ಸಿಗ್ತಾರಾ ನರ್ಸರೀಲಿ?"



ಪ್ಲಾಸ್ಟಿಕ್ ಬಾಟಲಿಗಳ ಕುತ್ತಿಗೆ ಕತ್ತರಿಸಿ, ತಳಕ್ಕೆ ತೂತು ಕೊರೆದು, ತೆಂಗಿನ ನಾರಿನ ಪುಡಿ ತುಂಬಿ ಕಡ್ಡಿ ಊರಿದಳು. ಬೇರು ಬಿಡೋಕೆ ಬೆಚ್ಚಗಿರಬೇಕು ಅಂತ ಯಾರೋ ಪುಣ್ಯಾತ್ಮರು ಹೇಳಿದ್ದರು. ಸರಿ, ಇಸ್ತ್ರಿ ಮೇಜಿನ ಮೇಲಿನ ಶೆಲ್ಫಿನಲ್ಲಿ ಸಾಲಾಗಿ ಇಟ್ಟಳು. ಆಗಾಗ ಬಾಟಲಿ ಮುಟ್ಟಿ "ಹದವಾಗಿದೆ" ಎನ್ನುತ್ತಿದ್ದಳು. ಅಯ್ಯೋ, ಕಾಲವೆಲ್ಲ ಇಸ್ತ್ರಿಪೆಟ್ಟಿಗೆ ಹಿಡಿದು ಜಡ್ಡುಗಟ್ಟಿದ ಕೈಗೆ ಹದ ಎಲ್ಲಿಂದ ಗೊತ್ತಾಗಬೇಕು! ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುವ ಕೈ ಅದು.

ಬಲು ಬೇಗ ಚಿಗುರು ಬಂತು. ಬೀದಿಗೆಲ್ಲ ಸಾರಿದಳು. ಆದರೆ ಸೆಕೆಗೆ ಎಲೆ ಅವಸರಪಟ್ಟು ಬಂದಿತ್ತು, ಕೆಳಗೆ ಬೇರೇ ಬಿಟ್ಟಿರಲಿಲ್ಲ. ಕಡ್ಡಿಯ ಕಸುವೆಲ್ಲ ಮುಗಿದದ್ದೇ ಚಿಗುರು ಜೋತುಬಿತ್ತು. ಕಿತ್ತು ನೋಡಿದರೆ ಬುಡ ಕಪ್ಪಾಗಿ ಕೊಳೆತು ನಾರುತ್ತಿತ್ತು. ಒಂದರ ಹಿಂದೊಂದು ಹೋದವು. ಇನ್ನೂ ಚಿಗುರದೆ ಮೊಂಡಾಗಿ ನಿಂತಿದ್ದ ಒಂದೇ ಒಂದು ಕಡ್ಡಿ ಉಳಿಯಿತು. ಅವಳಿಗೆ ಅಪ್ಪ ಎರಡನೇ ಸಲ ಸತ್ತಷ್ಟು ಸಂಕಟವಾಯಿತು.

"ಇದನ್ನ ಸಾಯೋಕೆ ಬಿಡಲ್ಲ" ಎಂದು ಎದ್ದಳು.

ಮನೆಯಲ್ಲಿ ತಂಪೆಂದರೆ ಅತ್ತೆಯ ಕೋಣೆ ಮಾತ್ರ. ಹಿಂಬದಿಯಲ್ಲಿತ್ತು, ಬಿಸಿಲು ಕಾಣದ ಕಲ್ಲುನೆಲ. ಅತ್ತೆಗೂ ಸೊಸೆಗೂ ಎಣ್ಣೆ ಸೀಗೇಕಾಯಿ. ಮಾತು ನಿಂತು ಎಷ್ಟೋ ಕಾಲವಾಗಿತ್ತು. ಆದರೂ ಹೊಸ್ತಿಲು ದಾಟಿದಳು.

"ಅತ್ತೆ, ನಿಮ್ಮ ಮಂಚದ ಕೆಳಗೆ ಇದೊಂದು ಇರ್ಲಿ. ಬೇಕಾದ್ರೆ ಕಾಲು ಹಿಡೀತೀನಿ."

ಅತ್ತೆ ಬಾಟಲಿ ಮುಟ್ಟಿ ಥಟ್ಟನೆ ಕೈ ಎಳೆದುಕೊಂಡರು. "ಇದೇನೇ, ಸ್ನಾನಕ್ಕೆ ನೀರು ಕಾಯಿಸಿದ್ಯಾ? ನಿನ್ನ ಕೈ ನಂಬಬೇಡ, ಕೆನ್ನೆಗೆ ಹಿಡಿದು ನೋಡು. ಇಡು ಅತ್ಲಾಗೆ. ಸುಮ್ನೆ ಬಂದು ತಲೆ ತಿನ್ಬೇಡ."

ಅವಳು ತಲೆ ತಿಂದಳು, ಬಿಡಲಿಲ್ಲ. ಬಾಟಲಿಗೆ ಒದ್ದೆ ಬಟ್ಟೆ ಸುತ್ತಿದಳು. ಗೋಡೆಯಾಚೆಯ ಕಾವು ತಗ್ಗಲೆಂದು ಮಧ್ಯಾಹ್ನ ಇಸ್ತ್ರಿಯನ್ನೇ ನಿಲ್ಲಿಸಿದಳು. ಗಿರಾಕಿಗಳು ಗೊಣಗಿದರೆ "ಬೆಳಿಗ್ಗೆ ಕೊಡ್ತೀನಿ. ಆಗಲ್ಲ ಅಂದ್ರೆ ಸುಕ್ಕಲ್ಲೇ ಹಾಕ್ಕೊಳ್ಳಿ" ಎಂದಳು. ಬಾಟಲಿಯ ಒದ್ದೆ ಬಟ್ಟೆ ಬದಲಿಸಲು ಹೋದಾಗೆಲ್ಲ ಅದು ಆಗಲೇ ತೊಯ್ದಿರುತ್ತಿತ್ತು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದರು. ಅವರ ಸೆರಗಿನ ತುದಿ ಒದ್ದೆಯಾಗಿರುತ್ತಿತ್ತು.

ಒಂದು ಬೆಳಿಗ್ಗೆ ಮಂಚದ ಪಕ್ಕ ಮೊಣಕಾಲೂರಿ, ಸುತ್ತಿದ್ದ ಬಟ್ಟೆ ಬಿಚ್ಚಿ ಬಾಟಲಿಯನ್ನು ಕೆನ್ನೆಗೆ ಒತ್ತಿದಳು. ತಣ್ಣಗಿತ್ತು. ಬೆಳಕಿಗೆ ಹಿಡಿದರೆ, ಒಳಗೋಡೆಗೆ ಅಂಟಿಕೊಂಡು ದಾರದಷ್ಟು ಬೆಳ್ಳನೆಯ ಬೇರು ಕೆಳಗಿಳಿಯುತ್ತಿತ್ತು. ಅಲ್ಲೇ ಬಾಟಲಿ ಅವಚಿಕೊಂಡು ಗೊಳೋ ಎಂದು ಅತ್ತಳು.

ಅತ್ತೆ ಧಡಕ್ಕನೆ ಎದ್ದು ಬಾಟಲಿ ಕಿತ್ತುಕೊಂಡರು.

"ಕಣ್ಣೀರು ಬಿಸಿ ಕಣೇ! ಬೇರು ಬೆಂದುಹೋಗುತ್ತೆ. ಅಳೋದಾದ್ರೆ ಬಾ, ನನ್ನ ಹೆಗಲ ಮೇಲೆ ಅಳು."