ಕುಸುಬಿ ಎಣ್ಣೆ ಕುಡಿದ ಜೀಪಿನ ಪಾಟಾ

ಹೋದ ವಾರ ಪಾಮನಕಲ್ಲೂರಿನ ನಮ್ಮ ನಾದಿನಿ ಬರುವಾಗ ಒಂದು ಬಾಟಲಿ ಗಾಣದ ಕುಸುಬಿ ಎಣ್ಣೆ ತಂದಿದ್ದಳು. ಈಗ ನಮ್ಮ ಮನೆಯಲ್ಲೂ ಪಾಕೀಟಿನ ಎಣ್ಣೆಯೇ. ಬಹಳ ದಿನದ ಮೇಲೆ ಸಿಕ್ಕಿದೆಯೆಂದು ಒಗ್ಗರಣೆಗೆ ಇಟ್ಟೆ. ಬಾಗಿಲಿಗೆ ಕಾಯಿಪಲ್ಲೆಯವಳು ಬಂದಳು. ಮೆಂತ್ಯೆಯ ಎರಡು ಕಟ್ಟು ಆರಿಸಿಕೊಂಡು ಒಳಗೆ ಬರುವಷ್ಟರಲ್ಲಿ ಅಡಿಗೆಮನೆ ತುಂಬ ಹೊಗೆ. ಬಾಣಲೆ ಇಳಿಸಿ ಕಿಟಕಿ ತೆಗೆದೆ. ಹೊಗೆ ಹೋಯಿತು, ವಾಸನೆ ಸಂಜೆಯವರೆಗೂ ಉಳಿಯಿತು. ಅದರ ಜೊತೆ ಕಾದ ಕಬ್ಬಿಣದ ವಾಸನೆಯೂ ಇದ್ದಿದ್ದರೆ ಪೂರ್ತಿಯಾಗುತ್ತಿತ್ತು ಅನ್ನಿಸಿತು… ಪಕ್ಕದ ಮನೆಯ ಅಕ್ಕ ನೆನಪಾದದ್ದು ಹಾಗೆ.

ನಾನು ಮದುವೆಯಾಗಿ ಮಸ್ಕಿಗೆ ಬಂದಾಗ ಸಿಂಧನೂರಿನ ಕಡೆಯ ಹೊಲಗಳಿಗೆ ಕಾಲುವೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ಅಡಿಗೆಮನೆಗೂ ಪಕ್ಕದ ಕಂಬಾರರ ಕುಲುಮೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಕಂಬಾರಣ್ಣ ಇಕ್ಕಳದಲ್ಲಿ ಕಬ್ಬಿಣ ಹಿಡಿದು ಅಡಿಗಲ್ಲಿನ ಮುಂದೆ ಕೂರುತ್ತಿದ್ದ. ಅವನ ಹೆಂಡತಿ, ನಮ್ಮ ಅಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದುರು ನಿಂತು ಸಮ್ಮಟಿಗೆ ಎತ್ತಿ ಹೊಡೆಯುತ್ತಿದ್ದಳು. ತಿದಿ ಎಳೆಯುವವಳೂ ಅವಳೇ. ಅವರ ಮನೆತನದಲ್ಲಿ ಹೆಂಗಸರು ಹೊಡೆಯುವುದು ಹೊಸದೇನಲ್ಲ. ಆದರೆ ಒಂದು ಕಟ್ಟುಪಾಡಿತ್ತು. ಕಬ್ಬಿಣ ಕೆಂಪಗಿರುವಷ್ಟು ಹೊತ್ತು ಸಮ್ಮಟಿಗೆ ಹಿಡಿದವರು ಬಾಯಿ ಬಿಡುವಂತಿಲ್ಲ. ಎಲ್ಲಿ ಹೊಡೆಯಬೇಕು, ಯಾವಾಗ ನಿಲ್ಲಿಸಬೇಕು, ಯಾವಾಗ ಅದ್ದಿ ನೀರು ಕುಡಿಸಬೇಕು, ಎಲ್ಲ ಇಕ್ಕಳ ಹಿಡಿದವನ ಮಾತು.

ಊರಿನ ರೈತರು ಕೊಡುವ ಆಯದ ಜೋಳದ ಮೇಲೆ ಅವರ ಮನೆ ನಡೆಯುತ್ತಿತ್ತು. ಕಾಲುವೆ ಬಂದ ಮೇಲೆ ಎಷ್ಟೋ ಹೊಲಗಳು ಕೈ ಬದಲಾದವು. ಹೊಸದಾಗಿ ಬಂದವರು ನೇಗಿಲು ಕುಳ ಎಲ್ಲವನ್ನೂ ತಮ್ಮ ಕಡೆಯಿಂದಲೇ ತಂದಿದ್ದರು. ಸುಗ್ಗಿಯಲ್ಲಿ ಬರುವ ಚೀಲ ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ಯುಗಾದಿವರೆಗೆ ನೋಡಿ, ಆಗದಿದ್ದರೆ ಕುಲುಮೆಗೆ ಬೀಗ ಹಾಕಿ ಲಿಂಗಸುಗೂರಿಗೆ ಹೋಗಿ ಹೆಂಡತಿಯ ಅಣ್ಣಂದಿರ ಕೈಕೆಳಗೆ ದುಡಿಯುವುದೆಂದು ಕಂಬಾರಣ್ಣ ತೀರ್ಮಾನಿಸಿದ್ದ. ಅಕ್ಕನಿಗೆ ಅದು ಸುತರಾಂ ಬೇಡವಾಗಿತ್ತು.

"ಹಬ್ಬಕ್ಕ ಹೋದ್ರ ನಮ್ಮ ವೈನಿ ಹೋಳಿಗಿ ಹಾಕ್ತಾಳವ್ವ," ಎಂದಳು ಒಮ್ಮೆ, ಅಣ್ಣನ ಹೆಂಡತಿಯ ಮಾತು ತೆಗೆದು. "ಗಂಡನ್ನ ಕರ್ಕೊಂಡು ಇರಾಕ ಹೋದ್ರ ಏನ್ ಹಾಕ್ತಾಳ, ನೀ ನೋಡಿಲ್ಲ."

ಆ ಮಳೆಗಾಲದಲ್ಲಿ ಕಾಲುವೆ ಕಚೇರಿಯ ಜೀಪು ಅವರ ಕಟ್ಟೆಯ ಮುಂದೆ ಒಂದು ಪಕ್ಕಕ್ಕೆ ವಾಲಿಕೊಂಡು ಬಂದು ನಿಂತಿತು. ಎರೆಹೊಲದ ಬಂಡಿದಾರಿಯಲ್ಲಿ ಓಡಿ ಓಡಿ ಚಕ್ರದ ಮೇಲಿನ ಪಾಟಾ ತುಂಡಾಗಿತ್ತು. ಪಾಟಾ ಎಂದರೆ ಒಂದರ ಕೆಳಗೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಜೀಪಿನ ಭಾರವೆಲ್ಲ ಅದರ ಮೇಲೆಯೇ. ಎಲ್ಲಕ್ಕೂ ಮೇಲಿನ ಉದ್ದದ ಪಟ್ಟಿಯೇ ಮುರಿದಿತ್ತು. ರಾಯಚೂರಿಗೆ ಕಳಿಸಿದರೆ ಹದಿನೈದು ದಿನ ಕಾಯಬೇಕು, ಅತ್ತ ಮುಕ್ಕುಂದದ ಕಡೆಯ ತೂಬುಗಳನ್ನು ನೋಡುವವರಿಲ್ಲ. ಓವರ್‌ಸಿಯರ್ ಸಾಹೇಬರು, ಇದನ್ನು ಮಾಡಿಕೊಡು, ಮುಕ್ಕುಂದಕ್ಕೆ ಹೋಗಿ ಬರುವವರೆಗೆ ತಡೆದರೆ ನಮ್ಮ ಜೀಪುಗಳೆಲ್ಲ ಇನ್ನು ಮೇಲೆ ನಿನ್ನ ಕಟ್ಟೆಗೇ ಎಂದರು.

ಯುಗಾದಿಯ ಮಾತು ಈ ಒಂದು ಪಟ್ಟಿಯ ಮೇಲೆ ನಿಂತಿತೆಂದು ನನಗೂ ತಿಳಿಯಿತು.

ಕಂಬಾರಣ್ಣ ಹಳೆಯ ಲಾರಿಯ ಪಟ್ಟಿಯೊಂದನ್ನು ತಂದು ಅಳತೆಗೆ ಕತ್ತರಿಸಿದ, ತುದಿಗಳನ್ನು ಸುರುಳಿ ಸುತ್ತಿದ, ಉಳಿದ ಪಟ್ಟಿಗಳ ಬಾಗಿಗೆ ಸರಿಯಾಗಿ ಬಾಗಿಸಿದ. ಕೆಲಸ ಕಣ್ಣಿಗೆ ಚೆಂದವೇ ಇತ್ತು. ಕೊನೆಗೆ ಕೆಂಪಗೆ ಕಾಯಿಸಿ ಕಲ್ಲಿನ ದೋಣಿಯ ನೀರಿಗೆ ಅದ್ದಿದ. ಕುಳಕ್ಕೆ, ಕುಡುಗೋಲಿಗೆ ಅಪ್ಪನ ಕಾಲದಿಂದ ಮಾಡಿದ್ದು ಹಾಗೆಯೇ. ಚುಂಯ್ ಅಂದದ್ದು ನನ್ನ ಒಲೆಯವರೆಗೆ ಕೇಳಿಸಿತು.

ಮರುದಿನ ಮಧ್ಯಾಹ್ನ ಡ್ರೈವರ್ ಯಾರದೋ ಬಂಡಿಯಲ್ಲಿ ಕೂತು ಬಂದ. ಜೀಪು ಮೊದಲನೆಯ ಹಳ್ಳವನ್ನೂ ದಾಟಿರಲಿಲ್ಲ. ಎರಡು ತುಂಡನ್ನು ಕಟ್ಟೆಯ ಮೇಲಿಟ್ಟು, "ಹಪ್ಪಳ ಮಾಡ್ಯಾರ ನೋಡ್ರಿ ನಮ್ಮ ಉಸ್ತಾದ್ರು. ಉದ್ದಿನದೋ, ಅಕ್ಕೀದೋ?" ಅಂದ. ಕಟ್ಟೆಯ ಮೇಲಿದ್ದ ನಾಲ್ಕು ಜನ ನಕ್ಕರು. ಕಂಬಾರಣ್ಣ ನಗಲಿಲ್ಲ, ಎದ್ದು ಒಳಗೂ ಹೋಗಲಿಲ್ಲ. ನಾಳೆ ಸಂಜೆಯೊಳಗೆ ಇನ್ನೊಂದು ಆಗದಿದ್ದರೆ ಜೀಪನ್ನು ಎಳೆಸಿಕೊಂಡು ರಾಯಚೂರಿಗೇ ಹೋಗುವರಂತೆ ಎಂದು ಡ್ರೈವರ್ ಹೇಳಿ ಹೋದ.

ಸ್ವಲ್ಪ ಹೊತ್ತಿಗೆ ಅಕ್ಕ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ತುಂಡು. ಮುರಿದ ಕಡೆ ತಿರುಗಿಸಿ ತೋರಿಸಿದಳು. ಒಡೆದ ಕಲ್ಲುಸಕ್ಕರೆಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಇದಕ್ಕ ನೀರು ಆಗಂಗಿಲ್ಲವ್ವ. ನಮ್ಮಪ್ಪ ಗಣಿ ಲಾರಿ ಪಾಟಾ ಮಾಡುವಾಗ ಎಣ್ಣಿ ಕುಡಸ್ತಿದ್ದ. ಸಣ್ಣಾಕಿದ್ದಾಗ ನಾನಽ ತಿದಿ ಎಳೀತಿದ್ದೆ."

ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕಬ್ಬಿಣ ಕೆಂಪಗಿತ್ತು, ಹೆಂಗ ಹೇಳಲಿ, ಅಂದಳು. ಆಮೇಲೆ, ನಿಮ್ಮ ಮನೆಯಲ್ಲಿ ಎಣ್ಣೆ ಎಷ್ಟಿದೆ ಎಂದು ಕೇಳಿದಳು.

ನಮ್ಮ ಅತ್ತೆ ತಮ್ಮ ಹಿರಿಯ ಮಗಳ ಬಾಣಂತನಕ್ಕೆ ಮುಕ್ಕುಂದಕ್ಕೆ ಹೋಗಿದ್ದರು. ವರ್ಷಕ್ಕೆಂದು ಗಾಣ ಆಡಿಸಿ ತಂದ ಡಬ್ಬಿ ಮೂಲೆಯಲ್ಲಿತ್ತು. ಬಾಯಿ ಮುಚ್ಚಿದ್ದ ಬಟ್ಟೆಯನ್ನು ಅತ್ತೆ ತಾವೇ ಕಟ್ಟಿದ್ದರು. ನಾನು ಬಿಚ್ಚಿದೆ. ಯಾಕೆ ಬಿಚ್ಚಿದೆ ಎಂದು ಈಗ ಕೇಳಿದರೆ ಹೇಳಲಾರೆ… ಅಕ್ಕ ನನ್ನ ಮೊದಲ ಬಸಿರಿನಲ್ಲಿ ದಿನಾ ಪುಂಡಿಪಲ್ಲೆ ಮಾಡಿ ತಂದುಕೊಟ್ಟವಳು, ಅಷ್ಟೇ ಇರಬಹುದು.

ಮರುದಿನ ಬೆಳಿಗ್ಗೆ ಅವರು ಎರಡನೆಯ ಪಟ್ಟಿ ಬಾಗಿಸಿ ಇಟ್ಟಿದ್ದರು. ಹಳೆಯ ತಗಡನ್ನು ಉದ್ದಕ್ಕೆ ದೋಣಿಯ ಹಾಗೆ ಮಡಚಿ, ಎರಡು ಕೊನೆಗೆ ಎರೆಮಣ್ಣು ಮೆತ್ತಿದ್ದರು. ಅದರಲ್ಲಿ ನಾನೇ ಎಣ್ಣೆ ಸುರಿದೆ. ಕಂಬಾರಣ್ಣ ಬೀದಿಬಾಗಿಲು ಹಾಕಿ ಬಂದ. ಹೆಂಡತಿಯ ಮುಖ ನೋಡದೆ, "ನಿಮ್ಮಪ್ಪ ಹೆಂಗ ಮಾಡ್ತಿದ್ದ?" ಅಂದ.

"ಬಾಯಿಲೆ ಹೇಳಾಕ ಬರಂಗಿಲ್ಲ. ಬಣ್ಣ ನೋಡ್ಬೇಕು. ನಾ ಅಡಿಗಲ್ಲಿಗೆ ಬಡೀತೀನಿ, ನೀ ತಗಿ."

ಆಕೆ ಬೆಂಕಿಯ ಮೇಲೆ ಕಣ್ಣಿಟ್ಟು ನಿಲ್ಲಬೇಕಾದ್ದರಿಂದ ತಿದಿ ಎಳೆಯುವ ಕೆಲಸ ನನಗೆ ಬಂತು. ಹಾಗೆ ನೋಡಿದರೆ, ನನ್ನ ಎಣ್ಣೆ ಎಲ್ಲಿ ಹೋಗುತ್ತದೆಂದು ನೋಡಲು ಹೋದವಳು ನಾನು. ಪಟ್ಟಿ ಕಪ್ಪಿನಿಂದ ಕೆಂಪಾಯಿತು, ಕೆಂಪಿನಿಂದ ಮಾವಿನ ಹಣ್ಣಿನ ಬಣ್ಣಕ್ಕೆ ತಿರುಗತೊಡಗಿತು. ಅಕ್ಕ ಸಮ್ಮಟಿಗೆಯಿಂದ ಅಡಿಗಲ್ಲನ್ನು ಒಮ್ಮೆ ತಟ್ಟಿದಳು. ಗಟ್ಟಿಯಾಗಿ ಅಲ್ಲ, ಬಾಗಿಲು ತಟ್ಟಿದ ಹಾಗೆ. ಕಂಬಾರಣ್ಣ ಎಣ್ಣೆಗೆ ಅದ್ದಿದ. ಒಂದು ಆಳೆತ್ತರ ಉರಿ ಎದ್ದು ಇಳಿಯಿತು. ಆಮೇಲೆ ಎಣ್ಣೆ ಸುರಿಯುತ್ತಿದ್ದ ಪಟ್ಟಿಯನ್ನು ಮತ್ತೆ ಕೆಂಡದ ಮೇಲೆ, ಈ ಸಲ ಸಣ್ಣ ಬಿಸಿಗೆ ಹಿಡಿದರು. ಮೈಮೇಲಿನ ಎಣ್ಣೆ ತಾನಾಗಿ ಹೊತ್ತಿಕೊಂಡು ನೀಲಿ ಉರಿ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿತು. ಅಕ್ಕ ಎರಡು ಸಲ ತಟ್ಟಿದಳು. ತೆಗೆದು ಬೂದಿಯಲ್ಲಿ ಮುಚ್ಚಿಟ್ಟರು.

ಸಂಜೆ ಪಟ್ಟಿಯನ್ನು ಎರಡು ಕಲ್ಲಿನ ಮೇಲೆ ಮಲಗಿಸಿ ಡ್ರೈವರನ್ನು ನಡುವೆ ನಿಲ್ಲಿಸಿದರು. ದಪ್ಪನೆಯ ಆಸಾಮಿ. ಪಟ್ಟಿ ಬಗ್ಗಿತು, ಇಳಿದ ಮೇಲೆ ಎದ್ದಿತು. ಮೂರನೆಯ ದಿನ ಜೀಪು ಮುಕ್ಕುಂದಕ್ಕೆ ಹೋಗಿ, ಮೈತುಂಬ ಕೆಸರು ಮಾಡಿಕೊಂಡು ನೆಟ್ಟಗೆ ತಿರುಗಿ ಬಂತು.

ಓವರ್‌ಸಿಯರ್ ಸಾಹೇಬರು ಕಟ್ಟೆಯ ಮೇಲೆ ಕೂತು, ಇಂಥ ಕೈ ರಾಯಚೂರಿನಲ್ಲೂ ಇಲ್ಲ ಎಂದು ಎಲ್ಲರ ಮುಂದೆ ಹೊಗಳಿದರು. ಕಂಬಾರಣ್ಣ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮಜ್ಜಿಗೆ ತಂದ ಅಕ್ಕ, "ಅವ್ರು ಮೊದಲಿಂದ ಹಂಗಽ ರೀ. ಒಮ್ಮೆ ತಪ್ಪಿದ್ದು ಮತ್ತೊಮ್ಮೆ ತಪ್ಪಂಗಿಲ್ಲ," ಅಂದುಬಿಟ್ಟಳು.

ಆಮೇಲೆ, ಯಾಕೆ ಹಾಗಂದೆ ಎಂದು ನಾನು ಕೇಳಿದ್ದಕ್ಕೆ, "ಹೆಣ್ತಿ ಬಡದಂಗ ಗಂಡ ಕುಣೀತಾನಂತ ಊರು ನಗ್ತದವ್ವ. ನಕ್ಕರ ಇವ್ರು ಕುಲಮಿ ಮುಂದ ಕುಂದ್ರಂಗಿಲ್ಲ. ನನಗ ಕುಲಮಿ ಬೇಕು, ಹೆಸರು ತಗೊಂಡು ಏನ್ ಮಾಡ್ಲಿ?" ಎಂದಳು.

ಅತ್ತೆ ತಿರುಗಿ ಬಂದು ಡಬ್ಬಿ ಎತ್ತಿ ನೋಡಿದರು. ಇದ್ದದ್ದು ಇದ್ದಂತೆ ಹೇಳಿದೆ. "ಜೀಪಿಗೆ ಒಗ್ಗರಣಿ ಹಾಕೀದೇನ್ಬೇ?" ಎಂದು ಕೇಳಿ, ಆ ವರ್ಷ ಪೂರ್ತಿ ಸಾರಿಗೆ ಎಣ್ಣೆಯನ್ನು ತಾವೇ ಹನಿ ಹನಿಯಾಗಿ ಹಾಕಿದರು.

ಕುಲುಮೆ ಉಳಿಯಿತು. ಯುಗಾದಿ ಬಂತು, ಹೋಯಿತು, ಬೀಗದ ಮಾತು ಮತ್ತೆ ಬರಲಿಲ್ಲ. ಜೀಪುಗಳು ಬಂದವು, ಸಿಂಧನೂರಿನಿಂದ ಅಕ್ಕಿ ಗಿರಣಿಯ ಲಾರಿಗಳೂ ಬಂದವು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಗೋಡೆಯ ಆಚೆ ಒಂದು ಸಲ ತಟ್ಟಿದ್ದು ಕೇಳಿಸುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟು ಎರಡು ಸಲ. ಹೊರಗೆ ಕೂತವರು ಕಂಬಾರಣ್ಣನ ಕೈಗುಣದ ಮಾತಾಡುತ್ತಿದ್ದರು. ಅವನು ಕೆಟ್ಟವನಲ್ಲ. ಹೊಗಳಿಸಿಕೊಂಡ ದಿನ ಅವನ ಊಟ ಕಡಿಮೆ ಎಂದು ಅಕ್ಕ ಹೇಳುತ್ತಿದ್ದಳು. ಹೀಗೆ ಎಂಟೊಂಬತ್ತು ವರ್ಷ.

ಆಮೇಲೆ ಕಂಬಾರಣ್ಣ ಜ್ವರ ಬಂದು ಒಂದೇ ವಾರದಲ್ಲಿ ಹೋದ. ಅವರ ಇಬ್ಬರು ಹೆಣ್ಣುಮಕ್ಕಳು ಅಷ್ಟೊತ್ತಿಗೆ ಗಂಡನ ಮನೆ ಸೇರಿದ್ದರು. ತಿಂಗಳು ಕಳೆದಿರಬಹುದು, ಒಂದು ಬೆಳಿಗ್ಗೆ ಕಚೇರಿಯ ಜೀಪು ಬಂದು ನಿಂತಿತು. ಹೊಸ ಡ್ರೈವರ್. ಅಕ್ಕ ಹೊಸ್ತಿಲಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ.

"ಪಾಟಾ ಮಾಡಾವ್ರು ಯಾರೂ ಇಲ್ಲೇನಮ್ಮ?" ಎಂದು ಅವನು ಕೂತಲ್ಲಿಂದಲೇ ಕೇಳಿದ.

ಅಕ್ಕ ಮೊರದಿಂದ ಕಣ್ಣೆತ್ತಿದಳು. "ಇಲ್ರೀ," ಅಂದಳು. "ಅವ್ರು ತೀರ್ಕೊಂಡಾರ."

ಜೀಪು ಸಿಂಧನೂರಿನ ಕಡೆ ತಿರುಗಿಕೊಂಡಿತು. ಅದು ಕಣ್ಮರೆಯಾದ ಮೇಲೆ ನಾನು, ಅಕ್ಕಾ, ಮಾಡ್ತಿದ್ದಾಕಿ ನೀನಽ ಅಲ್ಲೇನು, ಅಂದೆ. ಆಕೆ ಬೇಳೆಯಲ್ಲಿದ್ದ ಹರಳೊಂದನ್ನು ತೆಗೆದು ಎಸೆದು, "ಇಕ್ಕಳ ಹಿಡ್ಯಾವ್ರು ಒಬ್ರು ಬೇಕಲ್ಲವ್ವ," ಎಂದು ನನ್ನ ಕೈ ಕಡೆ ನೋಡಿದಳು. ನಾನು ಅದನ್ನು ಬರೀ ಮಾತೆಂದು ಕೇಳಿಸಿಕೊಂಡೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ, ಎದ್ದು ಹೋದೆ.

ದಸರೆಯ ಮುಂಚೆ ಆಕೆಯ ಅಣ್ಣಂದಿರು ಬಂಡಿ ತಂದು ಸಾಮಾನು ಹೇರಿದರು. ಲಿಂಗಸುಗೂರಿನಲ್ಲಿ, ಆ ವೈನಿಯ ಮನೆಯಲ್ಲಿ, ಆಕೆ ಎಷ್ಟು ವರ್ಷ ಇದ್ದಳೋ, ಏನು ಉಂಡಳೋ… ಸತ್ತ ಸುದ್ದಿ ನನಗೆ ತಲುಪಿದ್ದು ಅದಾಗಿ ಆರು ತಿಂಗಳಿಗೆ. ಈಗ ಅವರ ಜಾಗದಲ್ಲಿ ಗೊಬ್ಬರದ ಅಂಗಡಿ ಇದೆ. ಹಳೆಯ ಮಂದಿ ಇಂದಿಗೂ ಅಲ್ಲಿ ನಿಂತು, ಇಲ್ಲೊಬ್ಬ ಕಂಬಾರ ಇದ್ದ, ಏನು ಪಾಟಾ ಮಾಡ್ತಿದ್ದ ಅಂತೀರಿ, ಎಂದು ಹೇಳುತ್ತಾರೆ. ನಾನು ನಮ್ಮ ಕಟ್ಟೆಯ ಮೇಲೆ ಕೂತು ಕೇಳುತ್ತೇನೆ, ಹೌದೌದು ಎನ್ನುತ್ತೇನೆ. ಅಕ್ಕ ನನ್ನ ಕೈ ಕಡೆ ನೋಡಿದ ಆ ದಿನ ನನಗೆ ಇಪ್ಪತ್ತೇಳು ವರ್ಷ, ಕೈಯಲ್ಲಿ ಕಸುವಿತ್ತು. ಇಕ್ಕಳ ಹಿಡಿಯುವುದು ನನ್ನಿಂದ ಆಗುತ್ತಿರಲಿಲ್ಲ ಎಂದೇನೂ ಇಲ್ಲ.